ಖಾಲಿ ಬಿಟ್ಟ ಷರಾ

ಬಳ್ಳಾರಿ

ಪ್ರೀತಿಯ ತಂಗಿ,

ಕೈದಿಗಳ, ರೋಗಿಗಳ ಮೇಲೆ ನಡೆದ ವೈದ್ಯಕೀಯ ಪ್ರಯೋಗಗಳ ಬಗ್ಗೆ ಬರೆಯುತ್ತಿರುವ ನಿನ್ನ ಪುಸ್ತಕದ್ದೆಂದು ಸಿಂಧನೂರಿನಿಂದ ನೀನು ಕಳಿಸಿದ 62 ಹಾಳೆಗಳನ್ನೂ ಮೇಲೆ ಪಿನ್ನು ಚುಚ್ಚಿದ್ದ ಚೀಟಿಯನ್ನೂ ಓದಿದೆ. ‘ಎಲ್ಲಿ ಹೋದರೂ ಕಡತ ಇಲ್ಲ ಅಂತಾರೆ, ಬೇಕಂತಲೇ ಮುಚ್ಚಿಟ್ಟಾರೆ, ಇನ್ನು ನನ್ನ ಕೈಲಾಗಲ್ಲ’ ಅಂತ ಬರೆದಿದ್ದೀಯ. ಅಧ್ಯಾಯಕ್ಕೆ ಏನು ಹೆಸರಿಡಲಿ, ಪ್ಯಾರಾ ಎಲ್ಲಿ ಒಡೆಯಲಿ, ಯಾವ ಪ್ರಕಾಶಕರ ಹತ್ತಿರ ಹೋಗಲಿ ಅನ್ನುವ ಪ್ರಶ್ನೆಗಳಿಗೆ ನಾನು ಉತ್ತರ ಬರೆಯುವುದಿಲ್ಲ. ಅವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. 11ನೇ ಹಾಳೆಯಲ್ಲಿ ಬಳ್ಳಾರಿ ಜೈಲಿನ ಬಗ್ಗೆ ಬರೆದ ಒಂದು ವಾಕ್ಯ ಮಾತ್ರ ನನ್ನನ್ನು ಕೂರಲು ಬಿಡಲಿಲ್ಲ: ‘ಕೈದಿಗಳನ್ನು ಬಲವಂತದಿಂದ ಪ್ರಯೋಗಕ್ಕೆ ಬಲಿಕೊಡಲಾಯಿತು.’ ಅದಕ್ಕೆ ನೀನು ಕೊಟ್ಟಿರುವ ಆಧಾರ ಜೈಲು ವಾರ್ಷಿಕ ವರದಿಯ ಒಂದೇ ಸಾಲು. ಇಷ್ಟು ಮಂದಿ ಕೈದಿಗಳಿಗೆ ಪ್ಲೇಗಿನ ಸೂಜಿ ಹಾಕಲಾಯಿತು ಎಂಬುದಷ್ಟೇ ಅದರಲ್ಲಿದೆ. ಬಲವಂತ ಎಲ್ಲಿಂದ ಬಂತು? ಪ್ರಯೋಗ ಎಲ್ಲಿಂದ ಬಂತು? ಬಲಿ? ಮೂರೂ ನಿನ್ನ ಪೆನ್ನಿನಿಂದ ಇಳಿದವು, ಕಾಗದದಿಂದಲ್ಲ.

ಸಿಟ್ಟಾಗಬೇಡ. ನಿನ್ನ ಅನುಮಾನ ಹುಚ್ಚಲ್ಲ. 1897ರಲ್ಲಿ ವಿಜ್ಞಾನಿ ಹಾಫ್‌ಕಿನ್ ತನ್ನ ಪ್ಲೇಗಿನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡು, ಆಮೇಲೆ ಮುಂಬೈನ ಬೈಕುಲ್ಲಾ ಜೈಲಿನ ಕೈದಿಗಳ ಮೇಲೆ ನೋಡಿದ್ದು ನಿಜ. ಆದರೆ ಬೈಕುಲ್ಲಾದ ಕಾಗದ ಬಳ್ಳಾರಿಗೆ ಸಾಕ್ಷಿ ಹೇಳುವುದಿಲ್ಲ.

ಇನ್ನು ‘ಮುಚ್ಚಿಟ್ಟಾರೆ’ ಅನ್ನುವ ಮಾತು. ನೀನು ಬೆಂಗಳೂರಿನ ಪತ್ರಾಗಾರಕ್ಕೆ ಹೋಗಿ 1900ರ ಸುಮಾರಿನ ಬಳ್ಳಾರಿ ಕಾಗದ ಕೇಳಿದ್ದೀಯ. ಅಲ್ಲಿ ಅದು ಯಾಕಿರಬೇಕು? 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿನ ಜಿಲ್ಲೆ. ಜಿಲ್ಲಾ ಕಚೇರಿಯಲ್ಲಿ ಉಳಿದದ್ದನ್ನು ಬಿಟ್ಟರೆ ಸರ್ಕಾರದ ಮಟ್ಟದ ಕಾಗದವೆಲ್ಲ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲಿ. ರಾಯಚೂರು ನಿಜಾಮರದು, 1956ರ ನವೆಂಬರ್‌ವರೆಗೂ ಹೈದರಾಬಾದ್ ರಾಜ್ಯದ್ದು, ಹಾಗಾಗಿ ಅದರ ದಫ್ತರ ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು, ಜಹಗೀರಿನ ಲೆಕ್ಕಪತ್ರ ನಿಜಾಮರ ನೇರ ಆಡಳಿತದ ದಿವಾನಿ ಇಲಾಖೆಯ ಕಡತದೊಳಗೆ ಇರಲೇಬೇಕೆಂದಿಲ್ಲ. ಸಂಡೂರು 1949ರ ತನಕ ಬೇರೆಯೇ ಸಂಸ್ಥಾನ. ಮೂರು ತಾಸಿನ ಬಸ್ಸು ದಾರಿಯೊಳಗೆ ನಾಲ್ಕು ಸರ್ಕಾರ! ಇದನ್ನು ತಿಳಿಯದೆ ಬೆಂಗಳೂರಿನ ಗುಮಾಸ್ತನನ್ನು ಬೈದಿದ್ದೀಯ. ಪಾಪ, ಅವನು ಇಲ್ಲ ಅಂದದ್ದು ಸರಿಯಾಗಿಯೇ ಇತ್ತು.

ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುವಾಗಲೂ ಯಾವ ಕಾಗದ ಯಾರ ಮನೆಯದು ಅಂತ ಗೊತ್ತಿರಬೇಕು. ಅಲ್ಲಿ ಆರೋಗ್ಯದ ವಿಷಯ 1910ರವರೆಗೆ ಹೋಂ ಇಲಾಖೆಯ ಮೆಡಿಕಲ್ ಮತ್ತು ಸ್ಯಾನಿಟರಿ ಶಾಖೆಗಳಲ್ಲಿ, ಆಮೇಲೆ ಎಜುಕೇಷನ್ ಇಲಾಖೆಯಲ್ಲಿ, 1923ರಿಂದ ಎಜುಕೇಷನ್, ಹೆಲ್ತ್ ಅಂಡ್ ಲ್ಯಾಂಡ್ಸ್‌ನಲ್ಲಿ. ಹೋಂ ಇಲಾಖೆಯ ಸೂಚಿಯಲ್ಲಿ ವಿಷಯ ತಟ್ಟನೆ ನಿಂತುಹೋದರೆ ಯಾರೋ ಕಿತ್ತರು ಅಂದುಕೊಳ್ಳಬೇಡ, ಮನೆ ಬದಲಾಯಿಸಿರುತ್ತದೆ. ಕೇಳಿಕೆ ಚೀಟಿ ‘ಎನ್.ಟಿ.’ ಎಂಬ ಷರಾ ಹೊತ್ತು ಹಿಂದೆ ಬಂದರೆ, ಆ ಕಡತವನ್ನು ಇಲಾಖೆ ಪತ್ರಾಗಾರಕ್ಕೆ ವರ್ಗಾಯಿಸಿಲ್ಲ ಎಂದಷ್ಟೇ ಅರ್ಥ. ಆ ಚೀಟಿಯನ್ನು ಎಸೆಯದೆ ತಾರೀಖು ಹಾಕಿ ಅಂಟಿಸಿಟ್ಟುಕೋ. ಇನ್ನೊಂದು ಮಾತು. ಸೂಚಿಯಲ್ಲಿ ‘ಎ’ ಅಂತಿದ್ದರೆ ಅಚ್ಚಾದ ನಡಾವಳಿ, ‘ಬಿ’ ಅಂದರೆ ಅಷ್ಟು ಮುಖ್ಯವಲ್ಲವೆಂದು ಅಚ್ಚಿಗೆ ಕೊಡದೆ ಬಿಟ್ಟದ್ದು. ಎಲ್ಲರೂ ‘ಎ’ ಓದಿ ಎದ್ದುಬಿಡುತ್ತಾರೆ. ‘ಕೆ.ಡಬ್ಲ್ಯು.’ ಅಂತ ಕಂಡರೆ ಬಿಡಬೇಡ. ಅದು ಕಡತದ ಜೊತೆಗಿಟ್ಟ ಟಿಪ್ಪಣಿ ಕಟ್ಟು, ಅಧಿಕಾರಿಗಳು ತಮ್ಮತಮ್ಮಲ್ಲೇ ಆಡಿಕೊಂಡ ಮಾತು ಇರುವುದು ಅಲ್ಲಿ. ಆದೇಶದ ಹಾಳೆ ಮದುವೆ ಕರೆಯೋಲೆ ಇದ್ದ ಹಾಗೆ. ಜಗಳವೆಲ್ಲ ಟಿಪ್ಪಣಿ ಹಾಳೆಯಲ್ಲಿ.

ಮದ್ರಾಸ್ ಪದ್ಧತಿಯ ಕಚೇರಿ ಕಡತದ ಸಂಖ್ಯೆಯ ಹಿಂದೆ ಒಂದು ಗುರುತು ಇರುತ್ತದೆ, ಅದನ್ನೂ ಓದು. ‘ಆರ್.ಡಿಸ್’ ಶಾಶ್ವತ. ‘ಡಿ.ಡಿಸ್’ 10 ವರ್ಷಕ್ಕೆ ನಾಶ, ‘ಕೆ.ಡಿಸ್’ 3 ವರ್ಷಕ್ಕೆ, ‘ಎಲ್.ಡಿಸ್’ ಒಂದೇ ವರ್ಷಕ್ಕೆ. ಕೈದಿಯೊಬ್ಬನ ಅರ್ಜಿ ‘ಎಲ್.ಡಿಸ್’ ಆಗಿದ್ದರೆ ಅದನ್ನು ಸುಟ್ಟದ್ದು ಪಿತೂರಿಯಲ್ಲ, ನಿಯಮ. ಅಂಥ ಅರ್ಜಿಯನ್ನು ಒಂದು ವರ್ಷದ ಬೆಲೆಯ ಕಾಗದ ಅಂತ ಮೊದಲೇ ಗೊತ್ತುಮಾಡಿದರಲ್ಲ, ಬರೆಯಬೇಕಾದದ್ದು ಅದನ್ನು.

ಹುಡುಕುವ ಪದದ ವಿಚಾರಕ್ಕೆ ಬರುತ್ತೇನೆ. ‘ಎಕ್ಸ್‌ಪೆರಿಮೆಂಟ್’ ಅಂತ ಸೂಚಿ ತಿರುವಿದರೆ ಕೃಷಿ ಫಾರಂ, ರೇಷ್ಮೆ ಹುಳ ಸಿಗುತ್ತವೆ. ತಪ್ಪು ಮಾಡುವವನು ತಪ್ಪು ಅಂತ ತಲೆಬರಹ ಹಾಕಿಕೊಳ್ಳುವುದಿಲ್ಲ. ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ 1911ರಲ್ಲಿ ಹುಟ್ಟಿತು, ಇವತ್ತಿನ ಐಸಿಎಂಆರ್ ಅದೇ. ಅದು ತನ್ನ ಸಂಶೋಧನೆಗಳನ್ನು ಕರೆಯುತ್ತಿದ್ದದ್ದು ‘ಎನ್‌ಕ್ವೈರಿ’ ಅಂತ. ಆ ಪದ ಹಿಡಿ. ‘ಟ್ರಯಲ್’, ‘ಅಬ್ಸರ್ವೇಷನ್’, ‘ಕಂಟ್ರೋಲ್ಸ್’, ‘ವಾಲಂಟಿಯರ್ಸ್’ ಹಿಡಿ. ಔಷಧದ ಹೆಸರು ಹಿಡಿ, ಸೀರಮ್ಮಿನ ಹೆಸರು ಹಿಡಿ. ಎಲ್ಲಕ್ಕಿಂತ ದುಡ್ಡನ್ನೂ ಶಿಕ್ಷೆಯ ಮಾಫಿಯನ್ನೂ ಹಿಡಿ. ಕೈದಿಗೆ ‘ರೆಮಿಷನ್’ ಕೊಟ್ಟಿದ್ದರೆ ಅದಕ್ಕೆ ಆದೇಶ ಬೇಕು, ಕೂಲಿ ಕೊಟ್ಟಿದ್ದರೆ ವೋಚರ್ ಬೇಕು. 1897ರಲ್ಲಿ ಸಿಕಂದರಾಬಾದಿನಲ್ಲಿ ವೈದ್ಯ ರೊನಾಲ್ಡ್ ರಾಸ್ ಮಲೇರಿಯಾ ರೋಗಿ ಹುಸೇನ್ ಖಾನನಿಗೆ ಅವನು ಕಚ್ಚಿಸಿಕೊಂಡ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟ. ಆ ರೋಗಿಯ ಹೆಸರು ಇವತ್ತಿಗೂ ಉಳಿದಿರುವುದರಲ್ಲಿ ಆ ಆಣೆಯ ಲೆಕ್ಕದ ಪಾಲೂ ಇದೆ.

ವೈದ್ಯನ ಹೆಸರು ಹಿಡಿದು ಹೋಗುವುದು ಇನ್ನೊಂದು ದಾರಿ. ಇತಿಹಾಸಕಾರ್ತಿ ಸೂಸನ್ ರಿವರ್ಬಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಟ್ಲರ್ ಎಂಬ ಡಾಕ್ಟರ ಖಾಸಗಿ ಕಾಗದ ಬಿಚ್ಚಿದ್ದು ಅಮೆರಿಕದ ಟಸ್ಕೀಗಿಯ ಸಿಫಿಲಿಸ್ ಅಧ್ಯಯನಕ್ಕಾಗಿ. ಸಿಕ್ಕಿದ್ದು ಗ್ವಾಟೆಮಾಲಾ. 1946ರಿಂದ 48ರವರೆಗೆ ಕೈದಿಗಳಿಗೆ, ಸೈನಿಕರಿಗೆ, ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಬೇಕೆಂದೇ ಗುಹ್ಯರೋಗ ಅಂಟಿಸಿದ ದಾಖಲೆ. ಅಮೆರಿಕ ಕ್ಷಮೆ ಕೇಳಿದ್ದು 2010ರಲ್ಲಿ. ಡಾಕ್ಟರು ವರ್ಗವಾದಾಗ ಅವನ ಪೆಟ್ಟಿಗೆಯೂ ಜೊತೆಗೆ ಹೋಗುತ್ತದೆ. ಊರಿನ ಹೆಸರಿಟ್ಟು ಹುಡುಕಿದವರಿಗೆ ಅದು ಸಿಗುವುದಿಲ್ಲ.

ಎಷ್ಟೋ ಸಲ ಗುಟ್ಟೇ ಇರುವುದಿಲ್ಲ, ಅಚ್ಚಾಗಿಯೇ ಕೂತಿರುತ್ತದೆ. ಕಾಲಾ ಅಜಾರ್ ರೋಗ ಮರಳುನೊಣದಿಂದ ಹರಡುತ್ತದೆ ಎಂದು ಸಾಧಿಸಲು ಅಸ್ಸಾಮಿನಲ್ಲಿ ಐದು ಮಂದಿಗೆ ಸೋಂಕಿನ ನೊಣ ಕಚ್ಚಿಸಿದರು, ಐವರಿಗೂ ಬಂತು. 1942ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ರಾಜಾರೋಷವಾಗಿ ಪ್ರಕಟವಾಗಿದೆ. ಅಂಥ ಕಡೆ ಪತ್ರಾಗಾರಕ್ಕೆ ಹೋಗುವುದು ‘ಏನು ಮಾಡಿದರು’ ಎಂದು ತಿಳಿಯಲಿಕ್ಕಲ್ಲ. ಆ ‘ವಾಲಂಟಿಯರ್’ ಎಂಬ ಪದದ ಹಿಂದೆ ಯಾವ ಮಾತುಕತೆ ನಡೆದಿತ್ತು ಎಂದು ತಿಳಿಯಲಿಕ್ಕೆ. ಆದ್ದರಿಂದ ಪತ್ರಿಕೆಯನ್ನು ಮೊದಲು ಓದಿ, ಕಡತಕ್ಕೆ ಆಮೇಲೆ ಹೋಗು. ನೀನು ತಿರುಗುಮುರುಗು ಮಾಡಿದ್ದೀಯ.

ಈಗ ನನ್ನ ಹಳೇ ರಗಳೆ. ಕಾಗದ ಹೇಳುವುದಿಲ್ಲ ಎಂಬುದೂ ಅವರು ಮಾಡಲಿಲ್ಲ ಎಂಬುದೂ ಬೇರೆಬೇರೆ. ನಮ್ಮಲ್ಲಿ ಇದನ್ನು ಕಲಸಿಬಿಟ್ಟವರು ಬಹಳ ಮಂದಿ ಇದ್ದಾರೆ, ಅವರಿಗೆ ಸನ್ಮಾನವೂ ಆಗಿದೆ. ಒಂದು ತಖ್ತೆಯನ್ನು ಎದುರಿಗಿಟ್ಟುಕೋ. ಎಡಕ್ಕೆ ಕೈದಿ ನಂಬರು, ಆಮೇಲೆ ಬಂದ ದಿನದ ತೂಕ, ಡೋಸು, ಜ್ವರದ ಅಂಕಿ, ಕೊನೆಗೆ ಕಿರಿದಾದ ಷರಾ ಕಾಲಂ. ಮೊದಲ ಪುಟದಲ್ಲಿ 40 ನಂಬರು, ಕೊನೆಯ ಪುಟದಲ್ಲಿ 37 ಅಂತಿಟ್ಟುಕೊಳ್ಳೋಣ. ಮೂವರ ಷರಾ ಖಾಲಿ. ನಿನ್ನಂಥವಳು ತಕ್ಷಣ ‘ಮೂವರು ಸತ್ತರು’ ಅಂತ ಬರೆಯುತ್ತಾಳೆ. ಇರಲಿ, ಮೊದಲು ಆ ಮೂರು ನಂಬರು ಹಿಡಿದು ಬಿಡುಗಡೆ ರಿಜಿಸ್ಟರ್ ನೋಡು. ಆಮೇಲೆ ಬೇರೆ ಜೈಲಿಗೆ ಕಳಿಸಿದ ಪಟ್ಟಿ, ಜೈಲಾಸ್ಪತ್ರೆಯ ಮರಣ ರಿಜಿಸ್ಟರ್, ಆ ವರ್ಷದ ವಾರ್ಷಿಕ ವರದಿಯ ಸಾವಿನ ತಖ್ತೆ. ಇಬ್ಬರು ಶಿಕ್ಷೆ ಮುಗಿದು ಹೋಗಿರಬಹುದು. ನಾಲ್ಕು ಕಡೆಯೂ ಸಿಗದ ಒಬ್ಬ ಉಳಿದರೆ, ‘ಈ ನಾಲ್ಕು ಕಡೆ ನೋಡಿದೆ, ಇವನು ಎಲ್ಲೂ ಇಲ್ಲ’ ಎಂದು ಬರೆ. ಬಲಿ ಅಂತ ಬರೆಯುವುದಕ್ಕಿಂತ ಆ ಸಾಲಿನ ತೂಕ ಹೆಚ್ಚು. ಅದನ್ನು ಯಾವ ವಕೀಲನೂ ಅಲ್ಲಾಡಿಸಲಾರ.

ಬ್ರಿಟನ್ನಿನ ರಾಸಾಯನಿಕ ಯುದ್ಧದ ಸಂಶೋಧನಾ ಕೇಂದ್ರವಾದ ಪೋರ್ಟನ್ ಡೌನಿನ ವಿಜ್ಞಾನಿಗಳು ರಾವಲ್ಪಿಂಡಿಯಲ್ಲಿ ಭಾರತೀಯ ಸೈನಿಕರ ಮೇಲೆ ಸಾಸಿವೆ ಅನಿಲ ಬಿಟ್ಟು ನೋಡಿದ್ದು ಲಂಡನ್ನಿನ ಪತ್ರಾಗಾರದ ಕಡತಗಳಿಂದ 2007ರಲ್ಲಿ ಪತ್ರಿಕೆಗೆ ಬಂತು. ಚಡ್ಡಿ, ಹತ್ತಿ ಅಂಗಿ ಹಾಕಿಸಿ ಅನಿಲದ ಕೋಣೆಗೆ ಕಳಿಸಿದ್ದು ಅದರಲ್ಲಿದೆ, ಮೈ ಸುಟ್ಟದ್ದೂ ಇದೆ. ಸೈನಿಕರು ಒಪ್ಪಿ ಬಂದರೋ ಇಲ್ಲವೋ ಎಂಬುದು ಮಾತ್ರ ಸ್ಪಷ್ಟವಿಲ್ಲ. ಅದು ಸ್ಪಷ್ಟವಿಲ್ಲ ಅಂತ ವರದಿಯಲ್ಲೇ ಬರೆದದ್ದರಿಂದ ಉಳಿದ ಸಾಲುಗಳನ್ನೂ ನಂಬಬಹುದಾಯಿತು.

ಹತ್ತಿರದ್ದು ಬೇಕೆ? ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ. 2009ರಲ್ಲಿ ಹುಡುಗಿಯರಿಗೆ ಗರ್ಭಕಂಠ ಕ್ಯಾನ್ಸರಿನ ಲಸಿಕೆ ಹಾಕಿದ ಅಧ್ಯಯನ. ನೀನು 40ನೇ ಹಾಳೆಯಲ್ಲಿ ‘ಲಸಿಕೆಯಿಂದ ಏಳು ಸಾವು’ ಅಂದಿದ್ದೀಯ. ಖಮ್ಮಂ ಮತ್ತು ವಡೋದರಾ ಸೇರಿ ಏಳು ಹುಡುಗಿಯರು ಸತ್ತದ್ದು ಹೌದು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಎಂದು ತನಿಖೆ ಹೇಳಿತು. ನೀನು ಆ ಸಾವುಗಳ ಹಿಂದೆ ಓಡಿ, ಕೈಯಲ್ಲಿದ್ದ ನಿಜವಾದ ತಪ್ಪನ್ನು ಬಿಟ್ಟುಬಿಟ್ಟೆ. 2013ರ ಸಂಸದೀಯ ಸ್ಥಾಯಿ ಸಮಿತಿಯ 72ನೇ ವರದಿ ತೆಗೆ. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟು, 2,763ಕ್ಕೆ ಹಾಸ್ಟೆಲ್ ವಾರ್ಡನ್ ಸಹಿ. ಮಗಳ ತೋಳಿಗೆ ಸೂಜಿ ಹಾಕಲು ಅಪ್ಪ ಅವ್ವನ ಬದಲು ವಾರ್ಡನ್ ಸಹಿ ಹಾಕಿದ! ಇದಕ್ಕಿಂತ ಏನು ಬೇಕಿತ್ತು ನಿನಗೆ?

ಇತ್ತೀಚಿನ ಕಾಗದಕ್ಕೆ ಮಾಹಿತಿ ಹಕ್ಕಿನ ಅರ್ಜಿ. ನಿನ್ನ ಅರ್ಜಿ ಮೂರು ಪುಟ ಇದೆ, ಅರ್ಧ ಭಾಷಣ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ‘ಯಾಕೆ ಮಾಡಿದಿರಿ’ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಇಂಥ ತಿಂಗಳಿಂದ ಇಂಥ ತಿಂಗಳವರೆಗಿನ ಸಭಾ ನಡಾವಳಿಯ ಪ್ರತಿ ಕೊಡಿ ಅಂತ ಕೇಳು. 20 ವರ್ಷ ದಾಟಿದ್ದಾದರೆ ಕಲಂ 8(3) ಎಂದು ಬರೆ, ಹೆಚ್ಚಿನ ವಿನಾಯಿತಿಗಳು ಅಲ್ಲಿಗೆ ಸಡಿಲವಾಗುತ್ತವೆ. ‘ಕಡತ ಲಭ್ಯವಿಲ್ಲ’ ಎಂದು ಹಿಂಬರಹ ಬಂದರೆ ಅಳುತ್ತಾ ಕೂರಬೇಡ. ಎರಡನೇ ಅರ್ಜಿಯಲ್ಲಿ ಕಡತ ನಾಶಪಡಿಸಿದ ರಿಜಿಸ್ಟರಿನ ಪ್ರತಿ ಕೇಳು. ನಾಶದ ದಾಖಲೆಯಲ್ಲಿ ಕಡತದ ಸಂಖ್ಯೆ, ವಿಷಯ, ವರ್ಗ ಸಿಗುತ್ತವೆ. ‘ಎ’ ವರ್ಗದ್ದನ್ನು ಸುಟ್ಟಿದ್ದರೆ ಆಗ ಕೂಗಬಹುದು, ದೆಹಲಿಯ ‘ಎ’ ಬೇರೆ, ನಮ್ಮ ಕಚೇರಿಗಳ ಈ ‘ಎ’ ಶಾಶ್ವತವಾಗಿ ಇಡಬೇಕಾದ್ದು. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅವಧಿ ಮೀರಿಸಿ ಆಮೇಲೆ ವ್ಯವಸ್ಥೆಯನ್ನು ಬೈದು ಕವಿತೆ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ರಾಯಚೂರಿನ ಸಭೆಯಲ್ಲಿ 11ನೇ ಹಾಳೆ ಓದಿದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು ಅಂತ ಸಂಭ್ರಮದಿಂದ ಬರೆದಿದ್ದೀಯ. ಅವರು ತಟ್ಟಿದ್ದು ನಿನ್ನ ಆ ಮೂರು ಪದಕ್ಕೆ. ನಾಳೆ ಅವೇ ಮೂರು ಪದ ಹಿಡಿದು ಯಾರಾದರೂ ಪ್ರಶ್ನೆ ಕೇಳಿದರೆ ಒಬ್ಬರೂ ನಿನ್ನ ಪಕ್ಕ ನಿಲ್ಲುವುದಿಲ್ಲ. ಕೈದಿಯ ತೂಕದ ಅಂಕಿ ಓದಿ ನೀನು ಅತ್ತಿದ್ದು 19ನೇ ಹಾಳೆಯಲ್ಲಿ ಗೊತ್ತಾಗುತ್ತದೆ, ಅಲ್ಲಿ ಒಂದೂ ವಿಶೇಷಣ ಇಲ್ಲ. ಆ ಹಾಳೆ ಓದಿಯೇ ಈ ಪತ್ರ ಬರೆಯಲು ಕೂತೆ. 33ನೇ ಹಾಳೆಯಲ್ಲಿ ಮಾತ್ರ ರೋಗಿಯೊಬ್ಬಳ ಹೆಸರು, ಊರು, ಕಾಯಿಲೆ ಮೂರನ್ನೂ ಹಾಕಿದ್ದೀಯ. ತೆಗೆ. ಅವಳನ್ನು ಆ ಡಾಕ್ಟರುಗಳು ಕೇಳಲಿಲ್ಲ, ನೀನೂ ಕೇಳಿಲ್ಲ.

ಕೊನೆಯದು, 27ನೇ ಹಾಳೆ. ರಾಯಚೂರಿನ ಉರ್ದು ಪತ್ರದ ತಾರೀಖು ‘ಅಮರ್ದಾದ್ 1355 ಫಸಲಿ’, ಅಂದರೆ ನಿಜಾಮರ ಸರ್ಕಾರಿ ಪಂಚಾಂಗದ ತಿಂಗಳು ಮತ್ತು ವರ್ಷ. ನೀನು 590 ಕೂಡಿಸಿ 1945 ಮಾಡಿಕೊಂಡು, ಡಿಸೆಂಬರ್ 1945ರ ಇಂಗ್ಲಿಷ್ ಪತ್ರವೇ ಅದರ ಉತ್ತರ, ಆರು ತಿಂಗಳು ಸುಮ್ಮನಿದ್ದರು ಎಂದು ಎರಡು ಪುಟ ಕಿಡಿಕಾರಿದ್ದೀಯ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜುರ್ ತಿಂಗಳಿಂದ ಶುರು. ಡಿಸೆಂಬರ್ ಕೊನೆಯವರೆಗೆ 590, ಜನವರಿಯಿಂದ 591 ಕೂಡಿಸಬೇಕು. ಅಮರ್ದಾದ್ ಬರುವುದು ಜೂನ್ ಹೊತ್ತಿಗೆ, ಅಂದರೆ ಆ ಪತ್ರ 1946ರದು. ಹಾಗಾದರೆ ಡಿಸೆಂಬರಿನ ಪತ್ರ ಅದಕ್ಕಿಂತ ಆರು ತಿಂಗಳು ಮುಂಚಿನದಾಯಿತು, ಉತ್ತರ ಆಗಲು ಸಾಧ್ಯವೇ ಇಲ್ಲ. ಅದು ಬೇರೆ ಯಾವುದೋ ಪತ್ರಕ್ಕೆ ಉತ್ತರ. ಆ ಪತ್ರ ಇನ್ನೂ ನಿನ್ನ ಕೈಗೆ ಸಿಕ್ಕಿಲ್ಲ. ಇಂಗ್ಲಿಷ್ ಪತ್ರದ ಮೇಲ್ಭಾಗದಲ್ಲಿ ಉಲ್ಲೇಖ ಸಂಖ್ಯೆ ಇದೆ, ನಿನ್ನ ಫೋಟೋದಲ್ಲಿ ಹೆಬ್ಬೆರಳು ಅಡ್ಡ ಬಂದಿದೆ. ಇನ್ನೊಂದು ಫೋಟೋ ತೆಗೆದು ಕಳಿಸು.

ನಿನ್ನ,
ಅಣ್ಣ