ಮೆದುಳು ಕೆಟ್ಟಿಲ್ಲ ಕಣೇ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಕಣ್ಣು ಚೆನ್ನಾಗಿದೆ, ಮೆದುಳು ನೋಡುತ್ತಿಲ್ಲ ಅಂದರು ಡಾಕ್ಟರು. ಹಾಗಾದರೆ ಪುಟ್ಟನ ಮೆದುಳೇ ಸರಿಯಿಲ್ವಾ?' ಅಂತ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ.

ಮೆದುಳು ಕೆಟ್ಟಿಲ್ಲ ಕಣೇ.

ತಲೆಯ ಹಿಂದೆ, ಕತ್ತಿನ ಮೇಲಿನ ಉಬ್ಬನ್ನು ಮುಟ್ಟಿ ನೋಡು. ಆ ಆಸುಪಾಸಿನಲ್ಲೇ ಒಳಗಡೆ ವಿಷುಯಲ್ ಕಾರ್ಟೆಕ್ಸ್ ಇದೆ, ಅಂದರೆ ನೋಡುವ ಕೆಲಸ ಮಾಡುವ ಮೆದುಳಿನ ಭಾಗ. ಒಂದೊಂದು ಕಣ್ಣಿನಿಂದ ಸುಮಾರು 10 ಲಕ್ಷ ನರದ ಎಳೆಗಳು ಹೊರಡುತ್ತವೆ. ಅವು ತಂದ ಸುದ್ದಿ ಕೊನೆಗೆ ಅಲ್ಲಿಗೆ ಮುಟ್ಟುತ್ತದೆ. ಅಲ್ಲಿಯ ಒಂದು ಜೀವಕೋಶ ನಿಂತ ಗೆರೆ ಕಂಡರೆ ಚುರುಕಾಗುತ್ತದೆ, ಇನ್ನೊಂದು ಓರೆ ಗೆರೆಗೆ. ಬಣ್ಣ, ಚಲನೆ, ಮುಖ ಇವಕ್ಕೆಲ್ಲ ಮುಂದೆ ಬೇರೆ ಬೇರೆ ಜಾಗ. ಎರಡು ಕಣ್ಣಿನ ಸುದ್ದಿ ಒಂದಾಗುವುದೂ ಆ ಕಾರ್ಟೆಕ್ಸಿನಲ್ಲೇ. ಪುಟ್ಟನ ಎಡಗಣ್ಣಿಗೆ ಪವರ್ ಜಾಸ್ತಿ, ಕಳಿಸಿದ್ದೆಲ್ಲ ಮಸುಕು. ಅವನ ಮೆದುಳು ಸ್ಪಷ್ಟವಾಗಿ ಬಂದದ್ದನ್ನು ನಂಬಿತು. 'ಸೋಮಾರಿ ಕಣ್ಣು' ಅನ್ನುವುದು ಇದನ್ನೇ. ಕೆಟ್ಟ ಮೆದುಳು ಹಾಗೆ ಆರಿಸುತ್ತದಾ, ನೀನೇ ಹೇಳು.

1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಅನ್ನುವ ಇಬ್ಬರು ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರು. ಪಾಪ, ನನಗೆ ಆ ಮರಿಗಳದ್ದೇ ಯೋಚನೆ. ಬಿಚ್ಚಿದಾಗ ಕಣ್ಣು ಸರಿಯಾಗೇ ಇತ್ತು, ಆದರೆ ಕಾರ್ಟೆಕ್ಸಿನ ಹೆಚ್ಚಿನ ಕೋಶಗಳು ತೆರೆದಿದ್ದ ಕಣ್ಣಿಗಷ್ಟೇ ಓಗೊಟ್ಟವು. ದೊಡ್ಡ ಬೆಕ್ಕುಗಳಲ್ಲಿ ಹಾಗಾಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಎಳೆಯ ಮೆದುಳು ಇನ್ನೂ ಹಸಿಯಾಗಿರುತ್ತದೆ, ಸುಮಾ. ಆ ಹಸಿತನದಿಂದಲೇ ಹೀಗಾಯಿತು, ಅದಿರುವುದರಿಂದಲೇ ತಿದ್ದುವುದಕ್ಕೂ ಆಗುತ್ತದೆ. ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಇನ್ನೊಂದು ಕಣ್ಣಿನಿಂದಲೇ ನೋಡಿಸುವುದು ಅದಕ್ಕೇ. ಪುಟ್ಟನಿಗಿನ್ನೂ ಐದು.

ನಿನ್ನ ಅಣ್ಣ, ಅದೇ ನನ್ನ ಮಗನ ಕಣ್ಣಿನ ವಿಷಯ ಮನೆಯವರಿಗೆಲ್ಲ ಗೊತ್ತು. ಪಟ್ಟಿ ಬಿಚ್ಚಿದ್ದು ನಾನು ಅನ್ನುವುದು ಯಾರಿಗೂ ಗೊತ್ತಿಲ್ಲ. ಒಳ್ಳೆಯ ಕಣ್ಣನ್ನು ಮುಚ್ಚಿದರೆ 'ಏನೂ ಕಾಣ್ತಿಲ್ಲಮ್ಮಾ' ಅಂತ ನನ್ನ ಸೆರಗು ಹಿಡಿದು ಅಳುತ್ತಿದ್ದ. ನಾಲ್ಕು ದಿನ ತಡೆದೆ. ಆಮೇಲೆ ಬಿಚ್ಚಿಟ್ಟೆ. ಡಾಕ್ಟರ ಹತ್ತಿರ ಮಾತ್ರ ದಿನಾ ಹಾಕ್ತಿದ್ದೀನಿ ಅಂದೆ. ಇವತ್ತಿಗೂ ಅವನು ನೀರು ಬಗ್ಗಿಸುವಾಗ ಜಗ್ಗಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಕೊಳ್ಳುತ್ತಾನೆ. ಎಷ್ಟು ದೂರ ಅನ್ನುವುದು ಕಣ್ಣಿಗೆ ಸಿಗುವುದಿಲ್ಲ. ಅದನ್ನು ನೋಡಿದಾಗಲೆಲ್ಲ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ.

ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ, ಕನ್ನಡಕ ತೆಗೆಯಲು ಬಿಡಬೇಡ. ಪಟ್ಟಿ ಎಷ್ಟು ಗಂಟೆ ಅಂತ ಡಾಕ್ಟರು ಹೇಳಿದ್ದಾರೋ ಅಷ್ಟೇ, ಜಾಸ್ತಿಯೂ ಬೇಡ. ಆ ಹೊತ್ತಿನಲ್ಲಿ ಬಣ್ಣ ತುಂಬುವುದು, ಮಣಿ ಪೋಣಿಸುವುದು ಏನಾದರೂ ಕೊಡು. ಸುಮ್ನೆ ಕೂರಿಸಿದರೆ ಅಳು ಜಾಸ್ತಿ. ಅತ್ತರೆ ಪಕ್ಕದಲ್ಲಿ ಕೂತುಕೋ. ನಾನು ಕೂರಲಿಲ್ಲ.

ಮೆದುಳೇ ಸರಿಯಿಲ್ವಾ ಅಂತ ಮತ್ತೆ ಅನ್ನಬೇಡ, ಅವನ ಎದುರಿಗಂತೂ ಬೇಡವೇ ಬೇಡ. ಆ ಕಣ್ಣಿಗೆ ಮೊದಲು ಏನು ಕಂಡಿತು ಅಂತ ಅವನನ್ನೇ ಕೇಳಿ ನನಗೆ ಬರೆ.

ನಿನ್ನ ದೊಡ್ಡಮ್ಮ