ಅಜ್ಜಿಗೂ ಕಾಲಿದೆ

ಸಂಚಿಕೆ ಇವತ್ತು ರಾತ್ರಿಯೇ ನಿಮ್ಮ ಕೈಗೆ ಬರಬೇಕು. ಬರೆಯಲು ಕೂತದ್ದು ದಸರಾ ಬಗ್ಗೆ. ಆದರೆ ಊಟದ ಹೊತ್ತಿಗೆ ಮಗಳು ಒಂದು ಮಾತು ಹೇಳಿದಳು: "ಅಮ್ಮ, ಅಜ್ಜಿಗೆ ಕಾಲೇ ಇಲ್ಲ ಅಂದ್ಕೊಂಡಿದ್ದೀಯಾ? ಎಲ್ಲಿಗೆ ಹೋದ್ರೂ ಕಾರಲ್ಲಿ ಕೂರಿಸ್ತೀಯ. ಇಳಿದ್ರೆ ಬೆಂಚ್ ಹುಡುಕ್ತೀಯ."

ಹೌದಲ್ವಾ? ಊರಿಂದ ಸಿಡ್ನಿಗೆ ಬಂದವರಿಗೆ ನಾವೆಲ್ಲ ತೋರಿಸುವುದು ಅದೇ ಆಪೆರಾ ಹೌಸ್, ತ್ರೀ ಸಿಸ್ಟರ್ಸ್ ಬಂಡೆಗಳು, ಹೆಲೆನ್ಸ್‌ಬರ್ಗ್ ದೇವಸ್ಥಾನ. ಉಳಿದ ದಿನ ಮಾಲ್. ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿಂದು ಸೀದಾ ಮನೆಗೆ. ದೇವಸ್ಥಾನದ ಪಕ್ಕದಲ್ಲೇ ರಾಯಲ್ ನ್ಯಾಷನಲ್ ಪಾರ್ಕ್ ಇದೆ. 1879ರಿಂದ ಇದೆ!

ನನ್ನ ಆಯಿ, ಅಂದರೆ ಮಗಳ ಆ ಅಜ್ಜಿ, ಅಘನಾಶಿನಿ ದಡದವಳು. ಶಿವರಾತ್ರಿ ತೇರಿಗೆ ಗೋಕರ್ಣಕ್ಕೆ ನಮ್ಮನ್ನು ನಡೆಸಿಕೊಂಡೇ ಹೋಗುತ್ತಿದ್ದಳು. ಕತ್ತಲಿರುವಾಗಲೇ ಎಬ್ಬಿಸಿ, ಅಘನಾಶಿನಿಯಲ್ಲಿ ದೋಣಿ ಹತ್ತಿಸಿ, ಆಚೆ ತದಡಿಯಲ್ಲಿ ಇಳಿಸುವುದು. ದೋಣಿಯಲ್ಲಿ ಮೀನಿನ ಬುಟ್ಟಿ, ಸೈಕಲ್ಲು, ಹೊಸ ಸೀರೆಯ ಹೆಂಗಸರು. ಅಲ್ಲಿಂದ ಆಯಿ ಸೀರೆ ಎತ್ತಿ ಸಿಕ್ಕಿಸಿ ಮುಂದೆ, ನಾವು ಮಕ್ಕಳು ಓಡೋಡಿ ಹಿಂದೆ. ಬಗಲಲ್ಲಿ ಅವಲಕ್ಕಿ, ಬೆಲ್ಲದ ಗಂಟು. ಕೇಳಿದರೆ "ಇಲ್ಲೇ, ಆ ತಿರುವು ದಾಟಿದ್ರೆ ಆಯ್ತು" ಅನ್ನುತ್ತಿದ್ದಳು. ಆ ತಿರುವು ಬರುತ್ತಲೇ ಇರಲಿಲ್ಲ. ತೇರಿಗೆ ಬಾಳೆಹಣ್ಣು ಎಸೆದು, ಯಾರದ್ದು ಮೇಲೆ ತಾಗಿತು ಎಂದು ಜಗಳ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಮುರಕಲ್ಲಿನ ಗುಡ್ಡ ಹತ್ತಿ ಕುಡ್ಲೆ, ಇನ್ನೊಂದು ಗುಡ್ಡ ಇಳಿದು ಓಂ ಕಡಲು. ನಮ್ಮ ಕಾಲು ಬಿದ್ದುಹೋಗುತ್ತಿತ್ತು. ಅವಳು ಮಾತ್ರ ದಾರಿಯುದ್ದಕ್ಕೂ ಯಾರ ಮನೆ ಸೊಸೆ ಯಾರ ಜೊತೆ ಮಾತು ಬಿಟ್ಟಳು ಎಂದು ಹೇಳುತ್ತಾ ಹೋಗುತ್ತಿದ್ದಳು. ಅಂಥವಳನ್ನು ನಾನು ಎಸ್ಕಲೇಟರ್ ಪಕ್ಕ ಕೂರಿಸಿ ಬಟ್ಟೆ ಅಂಗಡಿಗೆ ಹೋಗುತ್ತೇನೆ.

ಹಾಗಾಗಿ ಅಕ್ಟೋಬರ್ ಲಾಂಗ್ ವೀಕೆಂಡಿನ ಸೋಮವಾರ ಎಲ್ಲರೂ ಆ ಪಾರ್ಕಿನ ಅಂಚಿನ ಬಂಡೀನಾಕ್ಕೆ ನಡೆಯಲು ಬನ್ನಿ, ಅಪ್ಪ ಅಮ್ಮನನ್ನೂ ಕರೆತನ್ನಿ. ಕ್ರೊನಲ್ಲಾವರೆಗೆ ಟ್ರೈನು, ಸ್ಟೇಷನ್ ಹತ್ತಿರವೇ ಫೆರ್ರಿ, ಅರ್ಧ ಗಂಟೆಯಲ್ಲಿ ಆಚೆ ದಡ. ಅಲ್ಲಿ ನಡೆಯುವ ಜಿಬ್ಬನ್ ಸುತ್ತುದಾರಿ ಸುಮಾರು 5 ಕಿ.ಮೀ. ಬೀಚು, ಬ್ಯಾಂಕ್ಸಿಯಾ ಪೊದೆ, ಬಂಡೆಯ ಮೇಲೆ ಇಲ್ಲಿನ ಮೂಲನಿವಾಸಿ ಧರಾವಲ್ ಜನ ಕೊರೆದ ತಿಮಿಂಗಿಲ. ಕಟಕಟೆ ದಾಟಿ ಅದರ ಮೇಲೆ ಕಾಲಿಡಬೇಡಿ. ನಿಜವಾದ ತಿಮಿಂಗಿಲಗಳೂ ಆಗ ಮರಿಗಳ ಜೊತೆ ದಕ್ಷಿಣಕ್ಕೆ ಹೊರಟಿರುತ್ತವೆ. ಅದೃಷ್ಟ ಇದ್ದರೆ ಕಂಡಾವು. ಗೈಮಿಯಾ ಲಿಲ್ಲಿಯ ಕೆಂಪು ಹೂವು ಆಳಿಗಿಂತ ಎಷ್ಟೋ ಎತ್ತರದಲ್ಲಿ ಅರಳುವ ಕಾಲವೂ ಅದೇ.

ಹುಡುಗರಿಗೆ ಇಷ್ಟು ಸಾಲದಿದ್ದರೆ ಬಂಡೀನಾದಿಂದ ಆಟ್‌ಫರ್ಡ್‌ಗೆ 26 ಕಿ.ಮೀ. ದಾರಿ ಇದೆ, ಎರಡು ದಿನ ಬೇಕು. ಸಿಡ್ನಿಯ ಉತ್ತರದವರಿಗೆ ಬೌಡಿ ನ್ಯಾಷನಲ್ ಪಾರ್ಕ್ ಹತ್ತಿರ. ಕಡಲಂಚಿನ ಬಂಡೆಯ ಹೊಂಡ ಫಿಗರ್ ಏಟ್ ಪೂಲ್‌ನಲ್ಲಿ ಫೋಟೋ ಹುಚ್ಚು ಬೇಡ. ಅಲೆ ಹೇಳಿ ಕೇಳಿ ಬರುವುದಿಲ್ಲ. ಮನೆಗೆ ಬಂದ ಮೇಲೆ ಮಕ್ಕಳ ಕಿವಿ ಹಿಂದೆ ಉಣ್ಣಿ ಹುಳ ಹತ್ತಿದೆಯೇ ನೋಡಿ.

ಅವಸರದಲ್ಲಿ ಉಳಿದದ್ದು: ಗೊಂಬೆ ಕೂರಿಸುವವರು ಹೆಸರು ಕೊಡಿ, ಪಟ್ಟಿ ಮಾಡಬೇಕು. ರಾಜ್ಯೋತ್ಸವದ ಕೋಲಾಟದ ಅಭ್ಯಾಸ ಶನಿವಾರ ಸಂಜೆ, ಎಂದಿನ ಹಾಲ್. ಕನ್ನಡ ಶಾಲೆ ರಜೆ ಮುಗಿದ ಮೇಲೆ ಶುರು. ಒಬ್ಬ ಟೀಚರ್ ಮೆಲ್ಬರ್ನಿಗೆ ಹೋದರು, ಆ ಜಾಗ ಖಾಲಿ ಇದೆ. ಈ ಪತ್ರಿಕೆಯ ಕರಡು ನೋಡಲು ಕೂಡ ಯಾರಾದರೂ ಬಂದರೆ ಪುಣ್ಯ ಬರುತ್ತದೆ. ಒಬ್ಬಳೇ ಎಷ್ಟು ಅಂತ ಮಾಡಲಿ?

ಬಂಡೀನಾಕ್ಕೆ ಹೊರಡುವ ಹಿಂದಿನ ದಿನ, ಭಾನುವಾರ, ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ, ಫೆರ್ರಿ ತಪ್ಪಿಸಿಕೊಳ್ಳಬೇಡಿ. ಚಿತ್ರಾನ್ನ ನಮ್ಮದು. ಮೊಸರನ್ನ ಯಾರು ತರ್ತೀರಿ?