ವಿಷಯಗಳ ಆಯ್ಕೆ ಮತ್ತು ಕಲಿಕೆಗೆ ನೆರವು: ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಕ್ಕಳು ಮುಂದಿನ ವರ್ಷದ ವಿಷಯಗಳನ್ನು ಆರಿಸಿಕೊಳ್ಳುವ ಸಮಯ ಬಂತು. ಫಾರ್ಮ್ ತುಂಬುವ ಮೊದಲು ಇದನ್ನು ಒಮ್ಮೆ ಓದಿ.

ಗೆಳೆಯರು ತೆಗೆದುಕೊಂಡರು ಅಂತ ಸುಮ್ನೆ ಒಂದು ವಿಷಯಕ್ಕೆ ಹೆಸರು ಕೊಡುವುದು ಬೇಡ. ಕೆಲವು ವಿಷಯಗಳಿಗೆ ಮೊದಲು ಇನ್ನೊಂದನ್ನು ಪಾಸು ಮಾಡಿರಬೇಕು. ಬೀಜಗಣಿತ ಗಟ್ಟಿಯಾಗದೆ ಕ್ಯಾಲ್ಕುಲಸ್‌ಗೆ ಹೋದರೆ ಮಗು ಲೆಕ್ಕ ಲೆಕ್ಕಕ್ಕೂ ಎಡವುತ್ತದೆ. ಅದು ದಡ್ಡತನ ಅಲ್ಲ, ಒಂದು ಮೆಟ್ಟಿಲು ತಪ್ಪಿದೆ ಅಷ್ಟೇ. ಮುಂದೆ ಕಾಲೇಜಿನಲ್ಲಿ ಓದಬೇಕು ಅಂದುಕೊಂಡಿರುವುದಕ್ಕೆ ಯಾವ ವಿಷಯ ಕಡ್ಡಾಯ ಅಂತಲೂ ಈಗಲೇ ನೋಡಿಕೊಳ್ಳಿ.

ವಿಷಯ ಬದಲಿಸಲು ಸಾಮಾನ್ಯವಾಗಿ ತರಗತಿ ಶುರುವಾದ ಮೊದಲ ಕೆಲವು ದಿನಗಳಷ್ಟೇ ಅವಕಾಶ. ತಡವಾಗಿ ಬಿಟ್ಟರೆ ಅದು ಅಂಕಪಟ್ಟಿಯಲ್ಲಿ ಕಾಣಿಸಬಹುದು. ಕೊನೆ ದಿನಾಂಕವನ್ನು ಕಚೇರಿಯಲ್ಲೇ ಕೇಳಿ.

ಇನ್ನು ನೆರವಿನ ಮಾತು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ದೊಡ್ಡ ಪರೀಕ್ಷೆಯವರೆಗೆ ದಯವಿಟ್ಟು ಕಾಯಬೇಡಿ. ಮೊದಲ ಟೆಸ್ಟ್‌ನಲ್ಲಿ ಅಂಕ ಕುಸಿದ ಕೂಡಲೇ ಟೀಚರ್ ಹತ್ತಿರ ಮಾತಾಡಿ. ‘ಗಣಿತ ಬರಲ್ಲ’ ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಲೆಕ್ಕ ಎಲ್ಲಿ ನಿಂತಿತು ಅಂತ ಮಗು ನೋಟ್‌ಬುಕ್‌ನಲ್ಲೇ ತೋರಿಸಲಿ. ಆಗ ಹತ್ತು ನಿಮಿಷದ ಸಹಾಯವೂ ಸಾಕಾಗಬಹುದು. ಡಿಸ್ಲೆಕ್ಸಿಯಾದಂಥ (ಓದಲು, ಬರೆಯಲು ಕಷ್ಟವಾಗುವ) ತೊಂದರೆ ಇರುವ ಮಕ್ಕಳಿಗೆ ಎಷ್ಟೋ ಕಡೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ. ಅದಕ್ಕೆ ಸಾಮಾನ್ಯವಾಗಿ ತಜ್ಞರ ವರದಿ ಬೇಕು. ವರದಿ ಕೈಗೆ ಬರಲು ವಾರಗಟ್ಟಲೆ ಹಿಡಿಯಬಹುದು, ಹಾಗಾಗಿ ಮುಜುಗರ ಬಿಟ್ಟು ಬೇಗ ಅರ್ಜಿ ಕೊಡಿ.

ಸಹಿ ಹಾಕುವ ಮುಂಚೆ ಮಗುವಿನ ಜೊತೆ ಕೂತು ಮಾತಾಡಿ. ತುಂಬಿದ ಫಾರ್ಮ್‌ನ ಫೋಟೋ ತೆಗೆದು ಇಟ್ಟುಕೊಳ್ಳಿ.